ನೆಲ ಡೊಂಕು ಮಾಡಿದವಳು

ಒಂದಾನೊಂದು ಊರಲ್ಲಿ ಒಬ್ಬಳು ರಾಣಿ ಇದ್ದಳಂತೆ. ಅವಳಿಗೆ ಒಬ್ಬನೇ ಮಗ. ಆ ಮಗ ಹದ್ದಿನ ಬೆನ್ನೇರಿ ಅರಮನೆಯ ಮೇಲೆ ಹಾದುಹೋಗುವನೇ ಹೊರತು ಕೆಳಗೆ ಇಳಿಯುವವನಲ್ಲ. ರಾಣಿ ಬೆಳಕಿನ ದಾರವೊಂದನ್ನು ಮೇಲಕ್ಕೆ ಎಸೆಯುವಳು, ಮಗ ಅದರ ತುದಿ ಹಿಡಿಯುವನು. ಹದ್ದು ಮೂಡಣದಿಂದ ಪಡುವಣಕ್ಕೆ ದಾಟುವಷ್ಟು ಹೊತ್ತು ತಾಯಿ ಮಗ ಆ ದಾರದ ಗುಂಟ ಮಾತಾಡುವರು. ಮನೆಯಲ್ಲಿ ಸೊಸೆಯೂ ಒಬ್ಬಳಿದ್ದಳು. ಅವಳದು ದಾರ ಒರೆಸುವ ಕೆಲಸ, ಹಿಡಿಯುವ ಕೆಲಸವಲ್ಲ. ಒಂದು ದಿನ ಸೊಸೆ, ನಾನೂ ದಾರ ಹಿಡಿಯಲೇ ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟಳು. ರಾಣಿ ನಕ್ಕು, ಮೂಡಣದ ಬಾಗಿಲಿಂದ ಪಡುವಣದ ಬಾಗಿಲವರೆಗೆ ಒಂದೆಳೆಯೂ ಕಡಿಯದಂತೆ ಹಿಡಿದು ತೋರಿಸು, ಅಟ್ಟದ ಬೀಗದ ಕೈ ಆವತ್ತೇ ನಿನ್ನದು, ಎಂದು ಮಾತು ಕೊಟ್ಟಳು.

ಸೊಸೆಯ ಅಜ್ಜಿ ಬದುಕಿದ್ದಿದ್ದರೆ ಕಥೆಯನ್ನು ಹೀಗೇ ಹೇಳುತ್ತಿದ್ದಳು, ಹದ್ದನ್ನು ಹದ್ದೆಂದೇ ಬಿಡುತ್ತಿದ್ದಳು. ಆದರೆ ಈ ಹದ್ದಿಗೆ ಎರಡು ಎಂಜಿನ್ನುಗಳಿದ್ದವು. ಅರಮನೆಯೆಂದರೆ ತಗಡಿನ ಚಾವಣಿಗಳ ನಡುವೆ ನಿಂತ ಮೂರಂತಸ್ತಿನ ಬೂದು ಕಟ್ಟಡ. ಅಟ್ಟವೆಂದರೆ ಅದರ ತಾರಸಿ, ತಾರಸಿಯ ಮೇಲೊಂದು ಬಿಳಿ ಗುಮ್ಮಟ, ಗುಮ್ಮಟದೊಳಗೆ ಒಬ್ಬ ಮನುಷ್ಯ ತಬ್ಬಿದರೆ ಕೈಗೆ ಕೈ ಸಿಗದಷ್ಟು ದಪ್ಪನೆಯ ದುರ್ಬೀನು. ದಾರವೆಂದರೆ ಲೇಸರ್ ಕಿರಣ. ನೆಲದಿಂದ ಒಂದು ಕಿರಣ ವಿಮಾನವನ್ನು ಹುಡುಕಿಕೊಂಡು ಹೋಗುತ್ತದೆ. ವಿಮಾನದ ಹೊಟ್ಟೆಗೆ ಅಂಟಿಸಿದ ಗಾಜಿನ ಕಣ್ಣು ಅದನ್ನು ಕಂಡು, ತನ್ನ ಕಿರಣವನ್ನು ಅದೇ ದಾರಿಯಲ್ಲಿ ಕೆಳಗೆ ಬಿಡುತ್ತದೆ. ರೇಡಿಯೋ ದಿನವಿಡೀ ಏದುಸಿರು ಬಿಟ್ಟು ಹೊತ್ತು ತರುವ ಚಿತ್ರಗಳನ್ನು, ಅಳತೆಗಳನ್ನು, ಮಾತುಗಳನ್ನು ಅದು ರೆಪ್ಪೆ ಬಡಿಯುವಷ್ಟರಲ್ಲಿ ಸುರಿದುಬಿಡುತ್ತದೆ. ಒಂದೇ ಕಷ್ಟ. ಎರಡು ಕಣ್ಣುಗಳೂ ಒಂದನ್ನೊಂದು ನೋಡುತ್ತಲೇ ಇರಬೇಕು. ಯಾವ ಕಡೆಯ ದೃಷ್ಟಿ ಕೂದಲೆಳೆಯಷ್ಟು ಸರಿದರೂ ಎಲ್ಲ ಮುಗಿಯಿತು.

ಆ ಕಿರಣ ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಕಿವಿಯಿಂದ ಕಾಯುವುದು ಅಲ್ಲಿನ ರೂಢಿ. ವಿಮಾನದೊಳಗಿನ ಮೈಕು ಸದಾ ತೆರೆದಿರುತ್ತದೆ. ಕೆಳಗೆ ಎರಡನೇ ಅಂತಸ್ತಿನ ಕೋಣೆಯಲ್ಲಿ ಒಂದು ಸ್ಪೀಕರು. ಎಂಜಿನ್ನಿನ ಗುಂಯ್ ಎನ್ನುವ ಸದ್ದು ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ದಾರ ಗಟ್ಟಿಯಾಗಿದೆ ಎಂದು ಲೆಕ್ಕ. ಸದ್ದು ನಿಂತಿತೋ, ಕಡಿಯಿತು. ಮತ್ತೆ ಸಿಕ್ಕಾಗ ಮೇಲಿನವನು 'ಕಂಡೆ' ಎನ್ನಬೇಕು, ಕೆಳಗಿನವರು 'ಕಂಡೆ' ಎಂದು ಉತ್ತರಿಸಬೇಕು. ಗಂಡ ಹೆಂಡತಿ ಹಾಗೆ ಹೇಳಿಕೊಂಡರೆ ಎಷ್ಟು ಚೆಂದ ಎಂದು ಸೊಸೆಗೆ ಅನ್ನಿಸಿತ್ತು. ಆದರೆ ಹೇಳಿಕೊಳ್ಳುತ್ತಿದ್ದುದು ತಾಯಿ ಮಗ.

ಕಿರಣ ಹಿಡಿಯುವ ಆ ಠಾಣೆಗೆ ಅತ್ತೆಯೇ ಮುಖ್ಯಸ್ಥೆ. ಕೆಲಸದವರೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಎರಡು ವರ್ಷದಿಂದ ಮಂಡಿ ನೋವು, ತಾರಸಿಗೆ ಹೋಗುವ ಕಬ್ಬಿಣದ ಏಣಿ ಹತ್ತಲು ಆಗದು. ಎರಡನೇ ಅಂತಸ್ತಿನ ಕುರ್ಚಿಯಲ್ಲಿ ಕೂತು, ಪರದೆ ನೋಡುತ್ತಾ, ಹೆಬ್ಬೆರಳಿನಷ್ಟು ಉದ್ದದ ಹಿಡಿಯೊಂದನ್ನು ಆಡಿಸಿ ದುರ್ಬೀನನ್ನು ನಡೆಸುತ್ತಿದ್ದಳು. ಯಂತ್ರ ತನ್ನಷ್ಟಕ್ಕೆ ವಿಮಾನದ ಬೆನ್ನು ಹತ್ತುತ್ತದೆ ನಿಜ. ಆದರೆ ತಗಡಿನ ಚಾವಣಿಗಳ ಬಿಸಿಗೆ ಗಾಳಿ ಕುಣಿಯುವಾಗ ಕೊನೆಯ ಕೂದಲೆಳೆಯನ್ನು ಕೈಯೇ ತಿದ್ದಬೇಕು. ಸೊಸೆಯೂ ಅದನ್ನೇ ಓದಿ ಬಂದವಳು, ಆ ಕೆಲಸಕ್ಕೇ ಸೇರಿದವಳು. ಮದುವೆಯಾದ ಮೇಲೆ ಅತ್ತೆ ಅವಳನ್ನು ತಾರಸಿಗೆ ಹತ್ತಿಸಿದಳು. ಕನ್ನಡಿ ಒರೆಸು, ಗುಮ್ಮಟ ತಿರುಗಿಸುವ ಹಲ್ಲುಚಕ್ರಗಳಿಗೆ ಎಣ್ಣೆ ಬಿಡು, ಬೇರೆ ಯಾವುದಾದರೂ ವಿಮಾನ ಕಿರಣಕ್ಕೆ ಅಡ್ಡ ಬಂದೀತೋ ಎಂದು ಕೊಡೆ ಹಿಡಿದು ಆಕಾಶ ನೋಡುತ್ತಾ ನಿಂತಿರು, ಬಂದರೆ ಕೆಂಪು ಗುಂಡಿ ಒತ್ತಿ ಕಿರಣ ಆರಿಸು. ನಿನ್ನ ಗಂಡ ಆಕಾಶದಲ್ಲಿ, ನೀನು ಅಟ್ಟದಲ್ಲಿ, ನಮಗಿಂತ ನೀನೇ ಹತ್ತಿರ, ಇನ್ನೇನು ಬೇಕು, ಎಂದು ಅತ್ತೆ ಎಲ್ಲರೆದುರು ನಗಿಸಿದ್ದಳು.

ಗಂಡನದು ವಿಮಾನದಲ್ಲಿ ಕೂತು ಆ ಗಾಜಿನ ಕಣ್ಣು ನೋಡಿಕೊಳ್ಳುವ ಕೆಲಸ, ಇರುತ್ತಿದ್ದುದು ದೂರದ ವಿಮಾನ ನಿಲ್ದಾಣದಲ್ಲಿ. ಮನೆಗೆ ಬರುವುದು ಅಪರೂಪ. ಬಂದರೂ ನೆಲದ ಮೇಲೆ ಅವನು ಮೂಕ. ಹೂಂ, ಊಹೂಂ, ಸುಸ್ತಾಗಿದೆ. ಫೋನು ಮಾಡಿದರೆ ಆಮೇಲೆ ಮಾಡ್ತೀನಿ ಎನ್ನುವನು. ಅದೇ ಮನುಷ್ಯ ಮೇಲೇರಿದ ಕೂಡಲೇ ಸ್ಪೀಕರಿನಲ್ಲಿ ಮಳೆಯಂತೆ ಸುರಿಯುವನು ಎಂದು ಕೆಳಗಿನವರು ಹೇಳುತ್ತಿದ್ದರು. ಮೋಡದ ಬಣ್ಣ, ಪೈಲಟ್ಟನ ಗೊರಕೆ, ತನ್ನ ನೆಗಡಿ, ಎಲ್ಲವೂ ಅಮ್ಮನಿಗೆ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅದನ್ನು ತುತ್ತು ತುತ್ತಾಗಿ ಬಡಿಸುವಳು. ನಿನ್ನ ಗಂಡನಿಗೆ ನೆಗಡಿಯಂತೆ, ನಿನಗೆ ಗೊತ್ತಿಲ್ಲವಾ, ಓ ನಿನಗೆಲ್ಲಿ ಗೊತ್ತಾಗಬೇಕು. ಸೊಸೆ ಅನ್ನದ ಅಗುಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಾ ಕೇಳಿಸಿಕೊಳ್ಳುವಳು. ಅವಳ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು: ಗಂಡನಿಗೆ ಮಾತು ಬರುವುದು ಆಕಾಶದಲ್ಲಿ ಮಾತ್ರ, ಆದ್ದರಿಂದ ಅವನು ತನ್ನವನಾಗಬೇಕಾದರೆ ದಾರದ ಕೆಳ ತುದಿ ತನ್ನ ಕೈಗೆ ಬರಬೇಕು. ಬೀಗದ ಕೈ ಬಂದರೆ ಅತ್ತೆಯ ಕುರ್ಚಿಯೂ ಬಂದಂತೆ, ಆದರೆ ಕುರ್ಚಿ ಬೇಕಾದದ್ದು ಕುರ್ಚಿಗಾಗಿ ಅಲ್ಲ, ಆ ಮಾತಿಗಾಗಿ. ಅಜ್ಜಿಯ ಕಥೆ ಕೇಳಿ ಬೆಳೆದವಳು. ಶಾಪಗಳಿಗೆಲ್ಲ ಒಂದು ವಿಮೋಚನೆ ಇದ್ದೇ ಇರುತ್ತದೆ ಎಂದು ನಂಬಿದ್ದಳು.

ಅತ್ತೆ ಕೊಟ್ಟ ಮಾತಿನಂತೆ ಅವಳಿಗೆ ಮೂರು ಸಲ ಅವಕಾಶ ಸಿಕ್ಕಿತು. ಮೂರು ಸಲವೂ ಅವಳು ಒಂದೇ ಜಾಗದಲ್ಲಿ ಸೋತಳು. ನೆತ್ತಿಯಲ್ಲಿ.

ಇದನ್ನು ಬಿಡಿಸಿ ಹೇಳಬೇಕು. ದುರ್ಬೀನು ಎರಡು ರೀತಿ ತಿರುಗುತ್ತದೆ, ತಲೆ ಎತ್ತುತ್ತದೆ ಮತ್ತು ಸುತ್ತಲೂ ಹೊರಳುತ್ತದೆ. ದೂರದ ವಿಮಾನವನ್ನು ಹಿಂಬಾಲಿಸುವುದು ಸುಲಭ. ಆದರೆ ವಿಮಾನ ನೇರ ನೆತ್ತಿಯ ಮೇಲೆ ಬಂದಾಗ, ಎದುರಿಗಿದ್ದದ್ದು ಒಮ್ಮೆಲೇ ಬೆನ್ನ ಹಿಂದಾಗುತ್ತದೆ. ತಲೆಯೆತ್ತಿ ನಿಂತ ದುರ್ಬೀನು ಗಕ್ಕನೆ ಅರ್ಧ ಸುತ್ತು ಹೊರಳಬೇಕು. ಅಷ್ಟು ಭಾರ ಅಷ್ಟು ಬೇಗ ಹೊರಳುವುದಿಲ್ಲ. ಹೊರಳುವಷ್ಟರಲ್ಲಿ ದಾರ ಕಡಿದಿರುತ್ತದೆ. ಅಲ್ಲಿನವರು ಇದನ್ನು ನೆತ್ತಿಗುರುಡು ಎನ್ನುತ್ತಿದ್ದರು. ಅತ್ತೆ ಹಿಡಿದಾಗಲೂ ಅಲ್ಲಿ, ಮತ್ತೆ ಹುಡುಕಿ ಹಿಡಿಯುವವರೆಗೆ, ಎರಡು ಮೂರು ನಿಮಿಷ ಸದ್ದು ನಿಲ್ಲುತ್ತಿತ್ತು. ಆಗ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ, ಅದು ಪ್ರಕೃತಿಯ ನಿಯಮ. ಸೊಸೆ ಹಿಡಿದಾಗ ನಿಂತರೆ ಅದು ಸೊಸೆಯ ತಪ್ಪು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂದು ಹಿಂದಿನವರು ಸುಮ್ಮನೆ ಹೇಳಿದ್ದಲ್ಲ.

ಮೊದಲ ಸಲ ಸದ್ದು ನಿಂತಾಗ ಅತ್ತೆ ಎದ್ದು ಹೋಗಿ ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಕೋಣೆಯ ತುಂಬ ದೊಡ್ಡದಾಗಿ ಏನೂ ಇಲ್ಲದ್ದು ಕೇಳಿಸಿತು.

"ಕೇಳ್ರಪ್ಪ, ನನ್ನ ಸೊಸೆ ಹಾಡ್ತಿದ್ದಾಳೆ," ಎಂದಳು.

ಎಲ್ಲರೂ ನಕ್ಕರು. ನಗದವರು ನಗುವವರನ್ನು ನೋಡಿ ನಕ್ಕರು. ಎರಡನೇ ಸಲವೂ ಅದೇ ಗುಂಡಿ, ಅದೇ ಮಾತು. ಮೂರನೇ ಸಲ ಸೊಸೆ ಮೆಲ್ಲಗೆ, ತಪ್ಪು ಕೈಯದ್ದಲ್ಲ, ದುರ್ಬೀನು ನಿಂತಿರುವ ರೀತಿಯದ್ದು, ಎಂದು ಹೇಳಲು ಹೋದಳು. ಅತ್ತೆ ಅವಳ ಮಾತು ಮುಗಿಯಲೂ ಬಿಡಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಆಮೇಲೆ ಕೆಲವು ದಿನ ಮೆಟ್ಟಿಲ ಮೇಲೆ, ನೀರಿನ ನಲ್ಲಿಯ ಹತ್ತಿರ, ಎಲ್ಲಿ ಸಿಕ್ಕರೂ ಜನ ಅವಳ ಕಾಲ ಕೆಳಗಿನ ನೆಲ ನೋಡಿ, ಅಕ್ಕಾ ಹುಷಾರು, ಇಲ್ಲಿ ಸ್ವಲ್ಪ ಡೊಂಕಿದೆ, ಎನ್ನುತ್ತಿದ್ದರು.

ಅವಳು ಗಂಡನಿಗೆ ಫೋನು ಮಾಡಿದಳು. ಜೀವನದಲ್ಲಿ ಒಂದೇ ಒಂದು ಕೇಳಿದಳು. ನೀವು ನೆತ್ತಿಯ ಮೇಲೇ ಬರುವ ಬದಲು ಸ್ವಲ್ಪ ಪಕ್ಕಕ್ಕೆ ಸರಿದು ಹೋದರೆ ದಾರ ಕಡಿಯುವುದಿಲ್ಲ, ಒಂದು ಸಲ, ನನಗಾಗಿ. ಅವನು ಆಕಳಿಸಿದ. ದಾರಿ ನಮ್ಮ ಕೈಯಲ್ಲಿಲ್ಲ, ಮೇಲಿನವರು ಹಾಕಿಕೊಟ್ಟದ್ದು, ನೋಡೋಣ, ಆಮೇಲೆ ಮಾಡ್ತೀನಿ ಎಂದ. ಪಾಪ, ಅವನಾದರೂ ಏನು ಮಾಡಿಯಾನು ಎಂದುಕೊಂಡು ಅವಳು ಫೋನನ್ನು ಸೆರಗಿನಿಂದ ಒರೆಸಿ ಇಟ್ಟಳು.

ಉಪಾಯ ಹೊಳೆದದ್ದು ಕೊಡೆಯಿಂದ. ಒಂದು ಮಧ್ಯಾಹ್ನ ತಾರಸಿಯ ಮೇಲೆ ನಿಂತು ಸುಮ್ಮನೆ ಕೊಡೆಯನ್ನು ಒಳಗಿನಿಂದ ನೋಡುತ್ತಿದ್ದಳು. ಕಡ್ಡಿಗಳೆಲ್ಲ ಅಂಚಿನಲ್ಲಿ ದೂರ ದೂರ, ಮೇಲೇರುತ್ತಾ ಹತ್ತಿರ, ನೆತ್ತಿಯಲ್ಲಿ ಒಂದೇ ಗಂಟು. ಅಂಚಿನಲ್ಲಿ ನಡೆಯುವ ಇರುವೆಗೆ ಕಡ್ಡಿಯಿಂದ ಕಡ್ಡಿಗೆ ಹೋಗಲು ಹೊತ್ತು ಬೇಕು. ಗಂಟಿನ ಮೇಲೆ ನಿಂತ ಇರುವೆಗೆ ಎಲ್ಲ ಕಡ್ಡಿಯೂ ಒಂದೇ, ತಲೆ ತಿರುಗುತ್ತದೆ. ದುರ್ಬೀನಿನ ಆಕಾಶವೂ ಇದೇ ಕೊಡೆ. ಗಾಳಿ ಬೀಸಿತು, ಕೊಡೆ ವಾಲಿತು, ಗಂಟು ನೆತ್ತಿಯಿಂದ ಪಕ್ಕಕ್ಕೆ ಸರಿದು ಸಿಮೆಂಟು ಕಾರ್ಖಾನೆಯ ಚಿಮಣಿಯ ಮೇಲೆ ನಿಂತಿತು. ಅವಳ ನೆತ್ತಿಯ ಮೇಲೆ ಈಗ ಬರೀ ಕಡ್ಡಿಗಳು, ಒಂದರ ಪಕ್ಕ ಒಂದು, ಸಮಾಧಾನವಾಗಿ.

ನೆಲ ಡೊಂಕು ಮಾಡಿದರೆ ಸಾಕು.

ಫಿಟ್ಟರನನ್ನು ಎಲ್ಲರೂ ಬೋಲ್ಟಣ್ಣ ಎಂದು ಕರೆಯುತ್ತಿದ್ದರು. ಕಿಸೆಯಲ್ಲಿ ಯಾವಾಗಲೂ ನಾಲ್ಕು ಬೋಲ್ಟು ಕಿಣಿಕಿಣಿ ಎನ್ನುತ್ತಿದ್ದವು. ಇಂಥ ಅಳತೆಯ ಒಂದು ಉಕ್ಕಿನ ಬೆಣೆ ಬೇಕು, ದುರ್ಬೀನಿನ ಪಾದದ ಕೆಳಗೆ ಒಂದು ಕಡೆ ಇಡಬೇಕು, ಎಂದು ಅವಳು ಕಾಗದದ ಮೇಲೆ ಗೀಚಿ ತೋರಿಸಿದಾಗ ಅವನು ತಲೆ ಕೆರೆದುಕೊಂಡ. ದೊಡ್ಡಮ್ಮನಿಗೆ ಗೊತ್ತಾ ಎಂದು ಕೇಳಿದ. ದೊಡ್ಡಮ್ಮನ ಮಂಡಿಯನ್ನು ಕೇಳು ಎಂದಳು ಸೊಸೆ. ಅವನು ಮುಸಿ ಮುಸಿ ನಕ್ಕು ಒಪ್ಪಿಕೊಂಡ. ಮಂಡಿ ನೋವಿನವರ ರಾಜ್ಯ ಎರಡನೇ ಅಂತಸ್ತಿಗೇ ಮುಗಿಯುತ್ತದಲ್ಲ.

ಆ ವಾರ ವಿಮಾನ ರಿಪೇರಿಗೆಂದು ನೆಲದಲ್ಲೇ ಇತ್ತು. ಗಂಡ ಬಿಡುವಾಗಿದ್ದ, ಆದರೂ ರಜೆ ಸಿಗಲಿಲ್ಲವೆಂದು ಮನೆಗೆ ಬರಲಿಲ್ಲ. ಅವಳು ಅದನ್ನೂ ನಂಬಿ, ಆ ದಿನಗಳನ್ನು ತಾರಸಿಗೆ ಕೊಟ್ಟಳು. ಬೋಲ್ಟಣ್ಣ ಜಾಕಿ ಹಚ್ಚಿ ದುರ್ಬೀನಿನ ಒಂದು ಬದಿ ಎತ್ತಿದ, ಬೆಣೆ ತೂರಿಸಿದ, ಬಿಗಿದ. ಇನ್ನು ಯಂತ್ರಕ್ಕೆ ಹೊಸದಾಗಿ ಆಕಾಶ ಕಲಿಸಬೇಕು. ನೀರಿನ ಟ್ಯಾಂಕಿಗೆ ಅಂಟಿಸಿದ ಗುರುತಿನ ಕನ್ನಡಿ ತೋರಿಸಿ ಇದು ಟ್ಯಾಂಕು ಎಂದಳು, ಮುಸ್ಸಂಜೆಯ ಮೊದಲ ನಕ್ಷತ್ರಗಳನ್ನು ತೋರಿಸಿ ಇವರು ನಮ್ಮವರು ಎಂದಳು. ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ ತಿದ್ದಿಸಿದಳು. ಕೆಳಗಿನ ಪರದೆಯಲ್ಲಿ ಅಂಕಿಗಳು ಮೊದಲಿನಂತೆಯೇ ಕಾಣುತ್ತಿದ್ದವು, ನೆಲ ಮಾತ್ರ ವಾಲಿತ್ತು. ಎಲ್ಲ ಮುಗಿದ ಮೇಲೆ ಬೋಲ್ಟಣ್ಣ ಕೈಯೊರೆಸಿಕೊಳ್ಳುತ್ತಾ ಕುರುಡು ಹೋಯಿತಾ ಎಂದು ಕೇಳಿದ.

"ಹೋಗಲ್ಲ ಬೋಲ್ಟಣ್ಣ. ಪಕ್ಕದವರ ನೆತ್ತಿಗೆ ಹೋಗುತ್ತೆ."

ಚಿಮಣಿಯ ಕಡೆಯಿಂದ ವಿಮಾನ ಬಂದರೆ ಈಗ ಅಲ್ಲಿ ಕಡಿಯುತ್ತದೆ ಎಂದು ವಿವರಿಸಿದಳು. ಆ ಕಡೆಯಿಂದ ಯಾರು ಬರುತ್ತಾರೆ ಎಂದು ಅವನು ಬೋಲ್ಟುಗಳನ್ನು ಕಿಸೆಗೆ ಹಾಕಿಕೊಂಡ. ಆಗ ಅವಳಿಗೆ ಫೋನಿನ ಮಾತು ನೆನಪಾಯಿತು. ಪಕ್ಕಕ್ಕೆ ಸರಿದು ಬನ್ನಿ ಎಂದು ಗಂಡನನ್ನು ಬೇಡಿಕೊಂಡಿದ್ದಳಲ್ಲ. ನೋಡೋಣ ಎಂದಿದ್ದನಲ್ಲ. ಅವನೇನಾದರೂ ಪ್ರೀತಿ ಉಕ್ಕಿ, ಮೇಲಿನವರ ಕಾಲು ಹಿಡಿದು, ಚಿಮಣಿಯ ಕಡೆ ಸರಿದುಬಿಟ್ಟರೆ? ಫೋನು ಮಾಡಿ ಹೇಳೋಣವೆಂದರೆ ಮಗ ಅಮ್ಮನ ಕಿವಿಗೆ ಹಾಕದೆ ಇರುವವನಲ್ಲ. ಹಾಗಾಗಿ ಅವಳು, ಆ ಒಂದು ದಿನದ ಮಟ್ಟಿಗೆ ಗಂಡನಿಗೆ ತನ್ನ ಮೇಲೆ ಕರುಣೆ ಬಾರದಿರಲಿ ಎಂದು ಬೇಡಿಕೊಂಡಳು. ಬೇಡಿದ್ದು ಕೆಲವೊಮ್ಮೆ ಸಿಕ್ಕಿಯೇಬಿಡುತ್ತದೆ.

ನಾಲ್ಕನೇ ಅವಕಾಶವನ್ನು ಅತ್ತೆ ತಾನಾಗಿ ಕರೆದು ಕೊಟ್ಟಳು. ಅದೇ ಆಶ್ಚರ್ಯ. ವಿಮಾನ ರಿಪೇರಿ ಮುಗಿಸಿ ಹಾರುವ ಮೊದಲ ದಿನ ಈ ಕೆಲಸಕ್ಕೆ ದುಡ್ಡು ಹಾಕುವ ಇಬ್ಬರು ಗಿರಾಕಿಗಳು ನೋಡಲು ಬರುವವರಿದ್ದರು, ಅವರೆದುರಿಗೇ ಹಿಡಿ ಎಂದಳು. ಕೊನೆಯ ಸಲ. ಕಡಿದರೆ ಗೇಟಿನ ಪಾಸು ಮೇಜಿನ ಮೇಲಿಟ್ಟು ಮನೆಯಲ್ಲಿರು, ಗಾಜು ಒರೆಸಲು ಮನೆಯಲ್ಲೂ ಕಿಟಕಿಗಳಿವೆ. ಹಿಡಿದರೆ ಬೀಗದ ಕೈ, ಕುರ್ಚಿ, ಮಾತು ಮಾತೇ. ಸೊಸೆ ತಲೆಯಾಡಿಸಿದಳು.

ಆವತ್ತು ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಗಿರಾಕಿಗಳಿಬ್ಬರೂ ಕೋಟು ತೊಟ್ಟಿದ್ದರು, ಸೆಕೆಗೆ ಒಬ್ಬ ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಕೆಲಸದವರು ಗೋಡೆಗೆ ಒರಗಿ ನಿಂತರು. ಬೋಲ್ಟಣ್ಣ ಬಾಗಿಲ ಸಂದಿಯಲ್ಲಿ. ತಾರಸಿಯ ಮೇಲೆ ಕೊಡೆ ಹಿಡಿದು ಕಾಯಲು ಬೇರೊಬ್ಬಳನ್ನು ಹತ್ತಿಸಲಾಗಿತ್ತು. ಸೊಸೆ ಕುರ್ಚಿಯ ತುದಿಯಲ್ಲಿ ಕೂತು ಹಿಡಿಯ ಮೇಲೆ ಎರಡು ಬೆರಳಿಟ್ಟಳು. ಪಕ್ಕದ ಕುರ್ಚಿಯಲ್ಲಿ ಅತ್ತೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ.

ಮೂಡಣದ ಗುಡ್ಡದಂಚಿನಲ್ಲಿ ಪರದೆಯ ಮೇಲೊಂದು ಬಿಳಿ ಚುಕ್ಕೆ ಹುಟ್ಟಿತು. ಸ್ಪೀಕರು ಒಮ್ಮೆ ಕೆಮ್ಮಿ ಗುಂಯ್ ಎಂದಿತು.

"ಕಂಡೆ," ಎಂದ ಗಂಡ.

"ಕಂಡೆ," ಎಂದಳು ಹೆಂಡತಿ.

ಪರೀಕ್ಷೆಯ ದಿನ ಹಾರುವವನು ಒಂದರಿಂದ ಎಣಿಸುತ್ತಾ ಹೋಗಬೇಕು, ಎಲ್ಲಿ ಸಂಖ್ಯೆ ತಪ್ಪಿತೋ ಅಲ್ಲಿ ದಾರ ಕಡಿದಿದೆ ಎಂದರ್ಥ. ಅವನು ಎಣಿಸತೊಡಗಿದ. ಎಂಥ ಮೃದು ದನಿ. ತಗಡುಗಳ ಮೇಲಿನ ಬಿಸಿಗಾಳಿಗೆ ಚುಕ್ಕೆ ನಡುಗುತ್ತಿತ್ತು, ಅವಳು ಮಗುವಿನ ಗಲ್ಲ ಹಿಡಿದ ಹಾಗೆ ಹಿಡಿದು ಅದನ್ನು ನಡುವಿಗೇ ತರುತ್ತಿದ್ದಳು. ವಿಮಾನ ಏರಿತು, ಏರಿತು. ಚಿಮಣಿಯ ಕಡೆ ಒಂದು ಗೇಣೂ ಸರಿಯಲಿಲ್ಲ. ನೇರ ನೆತ್ತಿಗೇ ಬರುತ್ತಿತ್ತು. ಅವಳಿಗೆ ಒಳಗೊಳಗೇ ಹಾಯೆನಿಸಿತು.

ಅತ್ತೆ ಗಿರಾಕಿಗಳ ಕಡೆ ಬಾಗಿ, ಈಗ ನೋಡಿ, ಎಂಥವರು ಹಿಡಿದರೂ ಇಲ್ಲಿ ಕಡಿಯುವುದೇ, ಒಂದು ಗುಮ್ಮಟದಿಂದ ಆಗುವ ಕೆಲಸವಲ್ಲ ಇದು, ಎಂದು ವಿವರಿಸಿದಳು. ಆಮೇಲೆ ಎದ್ದಳು. ಕುಂಟುತ್ತಾ ಹೋಗಿ ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಗೋಡೆಗೆ ಒರಗಿದವರ ಮುಖದಲ್ಲಿ ನಗು ಸಿದ್ಧವಾಗಿ ಬಂದು ಕೂತಿತು.

ಎಣಿಕೆ ನಿಂತಿತು.

ಗುಂಯ್ ಎನ್ನುವ ಸದ್ದು ನಿಲ್ಲಲಿಲ್ಲ.

ಸಿದ್ಧವಾಗಿದ್ದ ನಗು ಎಲ್ಲರ ತುಟಿಯ ಮೇಲೇ ಅಂಟಿಕೊಂಡಿತು. ಅತ್ತೆ ಗುಂಡಿಯ ಮೇಲೆ ಕೈಯಿಟ್ಟವಳು ಇಟ್ಟಂತೆಯೇ ಉಳಿದಳು. ಪರದೆಯ ನಡುವೆ ಚುಕ್ಕೆ ಹಣೆಯ ಬೊಟ್ಟಿನಂತೆ ಕೂತಿತ್ತು. ದುರ್ಬೀನು ವಾಲಿದ ನೆಲದ ಮೇಲೆ ನಿಂತು ನೆತ್ತಿಯನ್ನು ಮೆಲ್ಲಗೆ, ಏನೂ ಅವಸರವಿಲ್ಲದೆ ದಾಟುತ್ತಿತ್ತು. ಸೊಸೆಗೆ ಕಣ್ಣು ತುಂಬಿ ಬಂತು. ಆ ಸಂತೋಷ ಅವಳ ಪಾಲಿಗೆ ಇದ್ದದ್ದು ಹೆಡ್‌ಫೋನನ್ನು ಕೊಕ್ಕೆಗೆ ನೇತುಹಾಕುವಷ್ಟು ಹೊತ್ತು. ಏಕೆಂದರೆ ಸ್ಪೀಕರಿನಲ್ಲಿ ಕೇಳಿಸಿದ್ದು, ಮೇಲೆ ಗಂಡ ತನ್ನ ಹೆಡ್‌ಫೋನು ತೆಗೆದು ನೇತುಹಾಕಿದ ಸದ್ದು. ಆಮೇಲೆ ಕುರ್ಚಿ ಹಿಂದಕ್ಕೆ ತಿರುಗಿದ ಕಿರ್. ಫ್ಲಾಸ್ಕಿನ ಮುಚ್ಚಳ ಬಿಚ್ಚಿದ ಸದ್ದು. ನೆತ್ತಿಯ ಮೇಲೆ ಬಂದಾಗ ಕೆಳಗಿನವರಿಗೆ ಏನೂ ಕೇಳಿಸುವುದಿಲ್ಲ ಎನ್ನುವುದು ಅವನಿಗೆ ಹುಟ್ಟಿದ ದಿನದಷ್ಟೇ ಖಚಿತ. ವರ್ಷಗಟ್ಟಲೆ ಅವನು ಅಲ್ಲಿ ಎಣಿಕೆ ನಿಲ್ಲಿಸಿ, ಚಹಾ ಕುಡಿದು, ಆಮೇಲೆ ಗಡಿಯಾರ ನೋಡಿ ಅಂದಾಜಿನ ಸಂಖ್ಯೆಯಿಂದ ಮುಂದುವರಿಸುತ್ತಿದ್ದ. ದಾರ ಸಿಕ್ಕಿದೆಯೆಂದು ಹೇಳುವ ಹಸಿರು ದೀಪ ಈಗ ಅವನ ಬೆನ್ನ ಹಿಂದೆ ಉರಿಯುತ್ತಿತ್ತು.

"ಹೋಯ್ತು. ಇಬ್ಬರೂ ಕುರುಡು," ಎಂದ ಅವನು. ಮೈಕಿನಿಂದ ದೂರದ ದನಿ, ಆದರೆ ಪ್ರತಿ ಅಕ್ಷರವೂ ಸ್ಪಷ್ಟ. ಗುಂಡಿ ಪೂರ್ತಿ ತಿರುಗಿತ್ತಲ್ಲ.

ಪೈಲಟ್ ಏನೋ ಕೇಳಿದ. ಇವತ್ತೂ ನಿನ್ನ ಹೆಂಡತಿಯಾ ಎನ್ನುವಂಥದ್ದು.

"ಹೂಂ, ಅವಳೇ. ನೆತ್ತಿ ಮೇಲೇ ಬಾ, ಆ ಕಡೆ ಈ ಕಡೆ ಹೋಗಬೇಡ ಅಂತ ಅಮ್ಮ ನಿನ್ನೆನೇ ಹೇಳಿದ್ದಳು. ಕೋಟಿನವರು ಬಂದಿದಾರಂತೆ. ಇವಳ ಕೈಲಿ ಕಡಿಸಿ ತೋರಿಸಿದರೆ ಎರಡನೇ ಗುಮ್ಮಟಕ್ಕೆ ದುಡ್ಡು ಬಿಡ್ತಾರೆ ಅಂತ ಲೆಕ್ಕ."

ಕೋಟು ತೊಡೆಯ ಮೇಲಿಟ್ಟುಕೊಂಡವನು ಅದನ್ನು ಎತ್ತಿ ತೊಟ್ಟುಕೊಳ್ಳತೊಡಗಿದ.

ಪಕ್ಕಕ್ಕೆ ಸರಿದರೆ ಕಡಿಯಲ್ಲ ಅಂದಿದ್ದೆಯಲ್ಲ, ಪಾಪ, ಒಂದು ಸಲ ಸರಿಯಬಹುದಿತ್ತು, ಎಂದ ಪೈಲಟ್. ಅವನ ದನಿಯಲ್ಲಿ ನಗುವೂ ಇತ್ತು.

"ಅವಳೂ ಕೇಳಿದಳು. ಮೇಲಿನವರು ಅಂದೆ, ನಂಬಿದಳು." ಚಹಾ ಹೀರಿದ ಸದ್ದು. "ಗೆದ್ದರೆ ಕುರ್ಚಿ ಅವಳದಾಗುತ್ತೆ ಕಣೋ. ಆಮೇಲೆ ದಿನಾ ನನ್ನ ಕಿವೀಲಿ ಅವಳೇ. ಅಮ್ಮನಿಗಾದರೆ ಬಾಯಿಗೆ ಬಂದದ್ದು ಹೇಳಿದರೆ ಸಾಕು, ಖುಷಿ. ಇವಳು ಕೇಳಿದ್ದಕ್ಕೆ ಉತ್ತರ ಕೇಳ್ತಾಳೆ. ನನಗೆ ಇರೋದು ಈ ಒಂದು ನೆತ್ತಿ. ಇಲ್ಲಿ ಮಾತ್ರ ನನಗೆ ಅಮ್ಮನೂ ಇಲ್ಲ, ಹೆಂಡತೀನೂ ಇಲ್ಲ."

ಇಬ್ಬರೂ ನಕ್ಕರು. ಆಮೇಲೆ ಅವನು ಹೆಂಡತಿಯ 'ಕಂಡೆ'ಯನ್ನು ಅನುಕರಿಸಿ ತೋರಿಸಿದ. ಮೂಗಿನಲ್ಲಿ, ಎಳೆದು, ಕೊನೆಗೊಂದು ಬಿಕ್ಕು ಸೇರಿಸಿ. ಚೆನ್ನಾಗಿಯೇ ಮಾಡಿದ. ಗೋಡೆಗೆ ಒರಗಿದವರಲ್ಲಿ ಒಬ್ಬನಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಅತ್ತೆ ಸ್ಪೀಕರಿನ ಗುಂಡಿ ತಿರುಗಿಸಹೋದಳು. ಗಿರಾಕಿಗಳಲ್ಲಿ ಹಿರಿಯನು ಇರಲಿ ಬಿಡಿ, ಕೇಳಿಸಲಿ, ಎಂದು ತಣ್ಣಗೆ ಹೇಳಿದ. ಅವಳು ಗುಂಡಿ ಬಿಟ್ಟು, ಮೇಜು ಹಿಡಿದು ಹಿಡಿದು ಸೊಸೆಯ ಪಕ್ಕಕ್ಕೆ ಬಂದಳು. ಬಾಗಿದಳು. ಮದುವೆಯಾದ ಮೂರು ವರ್ಷದಲ್ಲಿ ಮೊದಲ ಸಲ ಅತ್ತೆಯ ದನಿ ಸೊಸೆಯ ಕಿವಿಗೆ ಮಾತ್ರ ಕೇಳುವಷ್ಟು ಸಣ್ಣದಾಗಿತ್ತು.

"ಬಿಡು. ಕೈ ಬಿಡು. ಕುರ್ಚಿ ನಿನಗೇ ಕೊಡ್ತೀನಿ, ಬಿಟ್ಟುಬಿಡು."

ಬಿಡುವುದು ಸುಲಭವಿತ್ತು. ಎರಡು ಬೆರಳು ಕೂದಲೆಳೆಯಷ್ಟು ಸರಿದರೆ ಆ ನಗು ಅಲ್ಲಿಗೇ ತುಂಡಾಗುತ್ತಿತ್ತು. ತಾನೂ ಕೇಳಬೇಕಾಗಿರಲಿಲ್ಲ. ಮುಂದೆ ಇನ್ನೇನು ಹೇಳುವನೋ, ತನ್ನ ಅಡುಗೆ, ತನ್ನ ಮೈ, ತನ್ನ ಅಜ್ಜಿಯ ಕಥೆಗಳು. ಚುಕ್ಕೆ ನಡುಗಿತು. ಅವಳು ತಿದ್ದಿದಳು. ಮತ್ತೆ ನಡುಗಿತು. ನಡುಗುತ್ತಿರುವುದು ಗಾಳಿಯೋ ಬೆರಳೋ ತಿಳಿಯಲಿಲ್ಲ, ಎರಡನ್ನೂ ತಿದ್ದಿದಳು.

"ಕೊಡೋದೇನು ಅತ್ತೆ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ತಗೊಳ್ತಿದ್ದೀನಲ್ಲ."

ಮೇಲೆ ಅವನು ಮಾತಾಡುತ್ತಲೇ ಇದ್ದ. ಕಳೆದ ವಾರ ರಜೆ ಇದ್ದರೂ ಮನೆಗೆ ಹೋಗದೆ ಮೂರು ದಿನ ಮಲಗಿ ನಿದ್ದೆ ಮಾಡಿದ್ದನ್ನು ಹೇಳಿದ. ಅದರಂಥ ಸುಖ ಇನ್ನೊಂದಿಲ್ಲ ಎಂದ. ಸುಳ್ಳಾಡುವಾಗ ಇದ್ದ ಆಕಳಿಕೆ ಈಗ ಇರಲಿಲ್ಲ. ಇಷ್ಟು ನಿರಾಳವಾಗಿ, ಇಷ್ಟು ಹೃದಯ ಬಿಚ್ಚಿ ಗಂಡ ಮಾತಾಡಿದ್ದನ್ನು ಅವಳು ಕೇಳಿರಲೇ ಇಲ್ಲ. ಕೇಳಬೇಕೆಂದು ಮೂರು ವರ್ಷ ಗಾಜು ಒರೆಸಿದ್ದಳು.

ಫ್ಲಾಸ್ಕಿನ ಮುಚ್ಚಳ ಬಿಗಿದ ಸದ್ದು. ಕುರ್ಚಿಯ ಕಿರ್. ಕೊಕ್ಕೆಯಿಂದ ಹೆಡ್‌ಫೋನು ತೆಗೆದ ಸದ್ದು. ಆಮೇಲೆ ಮೈಕಿಗೆ ಹತ್ತಿರದಲ್ಲಿ, ಜೇನಿನಲ್ಲಿ ಅದ್ದಿ ತೆಗೆದ ದನಿಯಲ್ಲಿ ಅವನು ಹೇಳಿದ.

"ಕಂಡೆ."

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೂಗಿನಲ್ಲಿ ಎಳೆಯದೆ, ಬಿಕ್ಕದೆ ಹೇಳಿದಳು.

"ನಾನು ಬಿಟ್ಟೇ ಇರಲಿಲ್ಲ."

ಗುಂಯ್ ಎನ್ನುವ ಸದ್ದು ಮಾತ್ರ. ಹಸಿರು ದೀಪವನ್ನು ಅವನು ಆಗ ನೋಡಿರಬೇಕು. ಪೈಲಟ್ ಏನೆಂದು ಕೇಳಿದ. ತನ್ನ ಕಡೆಯ ಕಿರಣವನ್ನು ಆರಿಸಿಬಿಡಲು ಅವನಿಗೂ ಒಂದು ಗುಂಡಿ ಇತ್ತು. ಆದರೆ ಆರಿಸಿದವರು ಯಾರೆಂದು ಯಂತ್ರ ಗಿರಾಕಿಗಳಿಗೆ ಹೇಳುತ್ತದೆ. ಅಮ್ಮ, ಎಂದ ಅವನು ಕೊನೆಗೆ. ಅಮ್ಮ, ಇದೀಯಾ? ಅತ್ತೆ ಬಾಯಿ ತೆರೆದಳು, ಮೈಕು ಸೊಸೆಯ ಕೈಯಲ್ಲಿತ್ತು.

"ನೀವು ಎಣಿಕೆ ನಿಲ್ಲಿಸಿದಿರಿ," ಎಂದಳು ಅವಳು. "ಗಡಿಯಾರ ನೋಡಬೇಡಿ. ನಿಲ್ಲಿಸಿದ ಜಾಗದಿಂದ ಎಣಿಸಿ."

ಅವನು ಅವಳ ಹೆಸರು ಹಿಡಿದು ಕರೆದ. ಇಲ್ಲಿ ಕೇಳು, ಎಂದ. ಅದು ಹಾಗಲ್ಲ, ಎಂದ. ಅವಳು ಏನನ್ನೂ ಕೇಳಲಿಲ್ಲ. ಉತ್ತರ ಕೇಳುವ ಹೆಂಗಸು ಎಂದು ಬೈಸಿಕೊಂಡವಳು ಆವತ್ತು ಅವನಿಂದ ಕೇಳಿದ್ದು ಸಂಖ್ಯೆಗಳನ್ನು ಮಾತ್ರ.

"ಎಣಿಸಿ."

ಅವನು ಎಣಿಸಿದ. ಮೊದಮೊದಲು ತೊದಲಿದ, ಒಂದು ಸಂಖ್ಯೆ ಎರಡು ಸಲ ಬಂತು. ಅವಳು ತಿದ್ದಿದಳು, ಅವನು ತಿದ್ದಿಕೊಂಡ. ವಿಮಾನ ನೆತ್ತಿಯಿಂದ ಪಡುವಣಕ್ಕೆ ಇಳಿಯುತ್ತಾ ಹೋಯಿತು. ಪೇಟೆಯ ಮೇಲೆ, ತಗಡುಗಳ ಮೇಲೆ, ಬಿಸಿಗಾಳಿ ದಟ್ಟವಾದ ಕಡೆಗೆ. ಚುಕ್ಕೆ ಹುಚ್ಚೆದ್ದು ಕುಣಿಯತೊಡಗಿತು. ಅಲ್ಲಿ ಕಡಿದಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ, ಕೆಲವರು ಹಾಗಾಗಲೆಂದು ಬೇಡಿಕೊಳ್ಳುತ್ತಿದ್ದರೂ ಇರಬಹುದು. ಅವಳ ಬೆರಳು ಬಿಡಲಿಲ್ಲ. ಅವನ ದನಿ ಸೋತು, ಒಣಗಿ, ಕೊನೆಗೆ ಅಳುವೂ ಅಲ್ಲದ ಮಾತೂ ಅಲ್ಲದ ಏನೋ ಆಯಿತು. ಅದನ್ನೂ ಅವಳು ಎಳೆಎಳೆಯಾಗಿ ಕೆಳಗೆ ಇಳಿಸಿಕೊಂಡಳು. ಅತ್ತೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದಳು. ಆದರೆ ಸ್ಪೀಕರಿನ ಗುಂಡಿ ಅವಳೇ ತಿರುಗಿಸಿಟ್ಟಷ್ಟು ತಿರುಗಿತ್ತು, ಅಂಗೈಗೆ ತಡೆಯುವಂಥದ್ದಲ್ಲ.

ನೀರಿನ ಟ್ಯಾಂಕಿನ ಆಚೆ ಪಡುವಣದಂಚಿನ ಭೂಮಿ ಮೇಲೆದ್ದು ಬಂದು ಚುಕ್ಕೆಯನ್ನು ಮುಟ್ಟಿತು. ಅವನು ಒಂದು ಸಂಖ್ಯೆಯ ಅರ್ಧದಲ್ಲಿದ್ದ. ಮೊದಲರ್ಧ ಕೇಳಿಸಿತು.

ಸದ್ದು ನಿಂತಿತು. ಕೋಣೆಯ ತುಂಬ ದೊಡ್ಡದಾಗಿ ಏನೂ ಇಲ್ಲದ್ದು. ಈ ಸಲ ಯಾರೂ ಹಾಡಿನ ಮಾತೆತ್ತಲಿಲ್ಲ. ಅತ್ತೆ ಕೊರಳಿಂದ ಬೀಗದ ಕೈ ತೆಗೆದಳು. ದಾರ ಮುಡಿಗೆ ಸಿಕ್ಕಿಕೊಂಡಿತು, ಜಗ್ಗಿದಳು, ಎರಡು ನರೆಗೂದಲು ಕಿತ್ತುಬಂದವು. ಕೂದಲ ಸಮೇತ ಅದನ್ನು ಮೇಜಿನ ಮೇಲೆ ಇಟ್ಟಳು. ಸೊಸೆ ಹಿಡಿಯಿಂದ ಬೆರಳು ತೆಗೆದು, ಆ ಕೈಯಿಂದಲೇ ಎತ್ತಿಕೊಂಡಳು.